ಕೇಬಲ್ ಎಳೆಯಲು ಕನ್ನಡಿಗ, ಪಾಸ್‌ವರ್ಡ್ ಯಾರ ಕೈಲಿ?

ಕನ್ನಡದ ಹುಡುಗರೇ, ಬೆಂಗಳೂರಿನ ಕಚೇರಿಗಳಲ್ಲಿ ಏಣಿ ಹತ್ತಿ, ಸೀಲಿಂಗಿನ ದೂಳು ತಿಂದು ನೆಟ್‌ವರ್ಕ್ ಕೇಬಲ್ ಎಳೆಯುವವರಲ್ಲಿ ನೀವೆಷ್ಟು ಮಂದಿ! ಆ ಕೇಬಲ್ಲು ಹೋಗಿ ಸೇರುವ ಸ್ವಿಚ್ಚನ್ನು ಸೆಟ್ ಮಾಡುವಾಗ ಮಾತ್ರ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಕೇಳಿದರೆ, "ಅದು ಎಆರ್‌ಪಿ, ನಿಮಗೆ ಅರ್ಥವಾಗಲ್ಲ." ಏನ್ ಸ್ವಾಮಿ ಅಂಥ ಬ್ರಹ್ಮವಿದ್ಯೆ? ಪಿಯುಸಿ ಓದಿದ ಪ್ರೆಸ್ಸಿನವನು ನಾನು. ನಾನೇ ಹೇಳುತ್ತೇನೆ, ಕೇಳಿ.

ಪ್ರತಿ ಯಂತ್ರಕ್ಕೂ ಎರಡು ವಿಳಾಸ. ನಾವು ಕೊಡುವ ಐಪಿ ಒಂದು, ನೆಟ್‌ವರ್ಕ್ ಕಾರ್ಡಿನ ಜೊತೆಗೇ ಬರುವ 48 ಬಿಟ್ಟಿನ ಮ್ಯಾಕ್ ಇನ್ನೊಂದು. ಐಪಿ ಗೊತ್ತಿದ್ದು ಮ್ಯಾಕ್ ಗೊತ್ತಿಲ್ಲದಾಗ ದೊಡ್ಡ ಸ್ವಿಚ್ಚು, ಓಣಿಗೆ ಬಂದ ಹೊಸ ಪೋಸ್ಟ್‌ಮನ್ "ಸಿದ್ದಪ್ಪ ಅನ್ನೋರು ಯಾರ್ರೀ?" ಎಂದ ಹಾಗೆ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಆ ಐಪಿಯವನು "ನಾನೇ" ಅನ್ನುತ್ತಾನೆ. ಸ್ವಿಚ್ಚು ಬರೆದಿಟ್ಟುಕೊಳ್ಳುತ್ತದೆ. ಇಷ್ಟೇ ಎಆರ್‌ಪಿ! ಡೇವಿಡ್ ಪ್ಲಮ್ಮರ್ ಎಂಬಾತ ಇದರ ನಿಯಮ ಬರೆದದ್ದು 1982ರ ನವೆಂಬರಿನಲ್ಲಿ. ಗೋಕಾಕ್ ವರದಿಗಾಗಿ ಡಾ. ರಾಜ್‌ಕುಮಾರ್ ಬೀದಿಗಿಳಿದ ವರ್ಷವೂ ಅದೇ. 40 ವರ್ಷ ದಾಟಿತು, ಇದನ್ನು ಕನ್ನಡದಲ್ಲಿ ಹೇಳಿಕೊಡಿ ಎಂದರೆ ಇನ್ನೂ ಮುಖ ಮುಖ ನೋಡುತ್ತಾರೆ.

ಸೆಟ್ಟಿಂಗಿಗೆ ಬನ್ನಿ. ಸಿಸ್ಕೊ ಸ್ವಿಚ್ಚಿನಲ್ಲಿ ನಾವು ಮುಟ್ಟದಿದ್ದರೆ ಎಆರ್‌ಪಿ ಪಟ್ಟಿ 4 ಗಂಟೆ ಉಳಿಯುತ್ತದೆ. ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಎಂಬ ಬೇರೆ ಪಟ್ಟಿಯೊಂದಿದೆ. ಅದು ಸದ್ದಿಲ್ಲದ ಯಂತ್ರವನ್ನು 5 ನಿಮಿಷಕ್ಕೇ ಮರೆಯುತ್ತದೆ. ಹೆಸರು ನೆನಪಿದೆ, ಮನೆ ಮರೆತಿದೆ! ಆಗ ಆ ಯಂತ್ರದ ಮಾಲನ್ನು ವಿಎಲ್ಯಾನಿನ ಎಲ್ಲ ಪೋರ್ಟಿಗೂ ಸುರಿಯುತ್ತದೆ, ನೆಟ್‌ವರ್ಕ್ ಏದುಸಿರು ಬಿಡುತ್ತದೆ. ಮದ್ದು ಒಂದೇ ಸಾಲು. ವಿಎಲ್ಯಾನ್ ಇಂಟರ್‌ಫೇಸಿನಲ್ಲಿ ‘ಎಆರ್‌ಪಿ ಟೈಮ್‌ಔಟ್ 270’ ಎಂದು ಸೆಕೆಂಡುಗಳ ಲೆಕ್ಕ ಕೊಡಿ. 5 ನಿಮಿಷ ತುಂಬುವ ಮೊದಲೇ ಸ್ವಿಚ್ಚು ಮತ್ತೆ ಕೂಗಿ ಎರಡೂ ಪಟ್ಟಿಯನ್ನು ತಾಜಾ ಮಾಡಿಕೊಳ್ಳುತ್ತದೆ.

ಈ ವಿದ್ಯೆ ಒಬ್ಬರ ಕೈಲೇ ಉಳಿದರೆ ಏನಾಗುತ್ತದೆ? ನನ್ನ ಪ್ರೆಸ್ಸಿಗೆ ಗುತ್ತಿಗೆಯವರು ಬಂದು, ಪ್ಲೇಟ್ ಹೊಡೆಯುವ ಯಂತ್ರದ ಮ್ಯಾಕ್ ಅನ್ನು ಎಆರ್‌ಪಿಯಲ್ಲಿ ಖಾಯಂ ಬರೆದು ಹೋಗಿದ್ದರು. ಖಾಯಂ ಬರೆದದ್ದು ತಾನಾಗಿ ಅಳಿಯುವುದಿಲ್ಲ. ಯಂತ್ರದ ಕಾರ್ಡು ಸುಟ್ಟು ಹೊಸದು ಹಾಕಿಸಿದರೆ, ಸ್ವಿಚ್ಚು ಸತ್ತ ಕಾರ್ಡಿಗೇ ಫೈಲು ಕಳಿಸುತ್ತಿತ್ತು. ಮದುವೆ ಸೀಸನ್ನು, ಎರಡು ದಿನ ಕೆಲಸ ಬಂದ್! ಪಾಸ್‌ವರ್ಡ್ ಅವರ ಹತ್ತಿರ, ಫೋನಿನಲ್ಲಿ ಕನ್ನಡ ಬಾರದು. ಬಿಲ್ಲು ಮಾತ್ರ ಹೊತ್ತಿಗೆ ಸರಿಯಾಗಿ ಬಂತು. ಕೊನೆಗೆ ಮಾಡಿದ್ದೇನು? ಅದೇ ಸಾಲಿನ ಮುಂದೆ ಒಂದು ‘ನೋ’ ಸೇರಿಸಿದ್ದು.

ಇನ್ನೂ ಕೇಳಿ. "ನಾನೇ ಸಿದ್ದಪ್ಪ" ಎಂದು ಯಾವ ಕಳ್ಳ ಕೂಗಿದರೂ ಎಆರ್‌ಪಿ ನಂಬುತ್ತದೆ. ತಡೆಯಲು ಡೈನಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಇದೆ. ಡಿಎಚ್‌ಸಿಪಿ ಸ್ನೂಪಿಂಗ್ ಪಟ್ಟಿ ನೋಡಿ ಸುಳ್ಳನನ್ನು ಹೊರದಬ್ಬುತ್ತದೆ. ಕೈಯಾರೆ ಐಪಿ ಕೊಟ್ಟ ಪ್ರಿಂಟರಿಗೆ ಬೇರೆ ಪಟ್ಟಿ ಬರೆಯದಿದ್ದರೆ ಅದನ್ನೂ ದಬ್ಬೀತು, ಹುಷಾರ್.

ಕಮಾಂಡು ಇಂಗ್ಲಿಷಿನಲ್ಲೇ ಇರಲಿ, ನನ್ನ ತಕರಾರಿಲ್ಲ. ಪ್ಲೇಟ್, ಗ್ರಿಪ್ಪರ್, ರೋಲರ್ ಎನ್ನುತ್ತಲೇ ನಮ್ಮ ಮೆಷಿನ್‌ಮನ್‌ಗಳು ಕನ್ನಡದಲ್ಲಿ ಮುದ್ರಣ ಕಲಿಯಲಿಲ್ಲವೇ? ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲೇ ಅನುಮತಿ ಕೊಟ್ಟಿದೆ. ಐಟಿಐ, ಡಿಪ್ಲೊಮಾದ ಹುಡುಗ ಹುಡುಗಿಯರೇ, ನಿಮ್ಮ ಲ್ಯಾಬಿನಲ್ಲಿ ಈ ಪಾಠವನ್ನು ಹಟ ಹಿಡಿದು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕೇಬಲ್ ಎಳೆಯುವ ಗೆಳೆಯರೇ, ಕೆಲಸ ಮುಗಿಯಿತೆಂದು ಏಣಿ ಮಡಚಿ ಹೊರಡಬೇಡಿ. ಸ್ವಿಚ್ಚಿನ ಮುಂದೆ ಹೋಗಿ ನಿಂತು, "ಎಆರ್‌ಪಿ ಟೈಮ್‌ಔಟ್ ಎಷ್ಟಿಟ್ಟಿದ್ದೀರಿ?" ಎಂದು ಕನ್ನಡದಲ್ಲೇ ಕೇಳಿ.