ಸಂಕಟ ಹೇಳಿಕೊಳ್ಳಲಿಕ್ಕೂ ಇಂಗ್ಲಿಷ್ ಬೇಕೇ?

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದ ರಾಯಚೂರು ಕಡೆಯ ಹುಡುಗ ಸಿಇಟಿ ಬರೆದು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬರುತ್ತಾನೆ. ಪಾಠ ಇಂಗ್ಲಿಷು, ಹಾಸ್ಟೆಲ್ಲಿನಲ್ಲಿ ಹಿಂದಿ, ಕ್ಯಾಂಟೀನಿನಲ್ಲಿ ಎರಡರ ಕಲಬೆರಕೆ. ಮೊದಲ ಸೆಮಿಸ್ಟರಿನಲ್ಲೇ ಎರಡು ಪೇಪರು ಉಳಿಯುತ್ತವೆ. ಊಟ ಸೇರದು, ನಿದ್ದೆ ಬಾರದು. ಧೈರ್ಯ ಮಾಡಿ ಕಾಲೇಜಿನ ಕೌನ್ಸೆಲರ್ ಬಾಗಿಲು ತಟ್ಟಿದರೆ ಒಳಗಿನಿಂದ ಬರುವ ಮೊದಲ ಪ್ರಶ್ನೆಯೂ ಇಂಗ್ಲಿಷೇ! ಇಂಥ ಹುಡುಗ ಹುಡುಗಿಯರು ಒಬ್ಬಿಬ್ಬರಲ್ಲ.

ಗೆಳೆಯರೇ, ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ಇದು ಕೇಂದ್ರದ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ಎಲ್ಲ ಸಾವಿಗೂ ಭಾಷೆಯೇ ಕಾರಣ ಎಂದು ಯಾರೂ ಹೇಳುತ್ತಿಲ್ಲ. ಆದರೆ ನೆರವಿನ ಬಾಗಿಲಿಗೆ ಬಂದವನು ಮಾತು ಬಾರದೆ ಹಿಂತಿರುಗಿದರೆ ಅದಕ್ಕೆ ಹೊಣೆ ಯಾರು?

"ಜೀವನಾ ಬ್ಯಾಸರಾಗ್ಯಾದ್ರಿ" ಎಂದು ಒಬ್ಬ ಹೇಳಿದರೆ ಕನ್ನಡ ಬಲ್ಲವರು ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತಾರೆ. ಅದನ್ನೇ ಆತ ಹರಕು ಇಂಗ್ಲಿಷಿನಲ್ಲಿ 'ಬೋರ್' ಎಂದರೆ? ಹೊಸ ಹವ್ಯಾಸ ಬೆಳೆಸಿಕೋ ಎಂಬ ಉಪದೇಶ ಸಿಗುತ್ತದೆ! ಎದೆ ಝಲ್ಲೆನ್ನುವುದು, ಹೊಟ್ಟೆಯೊಳಗಿನ ತಳಮಳ, ಮಂಕು ಕವಿಯುವುದು, ತಲೆ ಚಿಟ್ಟು ಹಿಡಿಯುವುದು, ಇವೆಲ್ಲ ಬೇರೆ ಬೇರೆ ನೋವುಗಳು. ಇವುಗಳ ಅಂತರ ತಿಳಿಯದವರು ಸಲಹೆ ಕೊಡುವುದಾದರೂ ಹೇಗೆ?

ಕನ್ನಡದಲ್ಲಿ ಇದೆಲ್ಲ ಆಗದು ಎನ್ನುವ ಮಹಾಶಯರಿಗೆ ಒಂದು ಮಾತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಪುಸ್ತಕಗಳ ಸಾಲನ್ನೇ ಬರೆದಿದ್ದಾರೆ. ಶಿವಮೊಗ್ಗದ ದಿವಂಗತ ಡಾ. ಅಶೋಕ್ ಪೈ ಈ ವಿಷಯವನ್ನು 'ಕಾಡಿನ ಬೆಂಕಿ'ಯಂಥ ಸಿನಿಮಾಕ್ಕೇ ತಂದರು. ಕೊರತೆ ಇರುವುದು ಭಾಷೆಯಲ್ಲಲ್ಲ, ಆಡಳಿತ ಮಂಡಳಿಗಳ ಮನಸ್ಸಿನಲ್ಲಿ.

ಕಾನೂನೂ ನಮ್ಮ ಕಡೆಗಿದೆ. ಕಾಯಿಲೆಯ ಹಾಗೂ ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆಸ್ಪತ್ರೆಯಲ್ಲಿರುವ ಈ ನ್ಯಾಯ ಕಾಲೇಜಿನ ಕೋಣೆಗೆ ಬೇಡವೇ? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತ ಸಲಹೆಗಾರರು ಇರಬೇಕೆಂದು ಆದೇಶಿಸಿತು. ಅವರು ಕನ್ನಡ ಬಲ್ಲವರೂ ಆಗಿರಲಿ ಎಂದು ಕೇಳಬೇಕಾದವರು ನಾವು. ಮಣಿಪುರದಿಂದ, ಕೇರಳದಿಂದ ಬಂದವರಿಗೂ ಅವರವರ ಮಾತಿನಲ್ಲಿ ಫೋನಿನ ಮೂಲಕವಾದರೂ ನೆರವು ಸಿಗಲಿ. ನಮಗೆ ಕೇಳುವ ಹಕ್ಕು ಅವರಿಗೂ ಉಂಟು.

ನಮ್ಮವರಿಗೂ ಒಂದು ಕಿವಿಮಾತು. ಕೌನ್ಸೆಲರ್ ಬಳಿ ಹೋದವನನ್ನು 'ಹುಚ್ಚ' ಎಂದು ಆಡಿಕೊಳ್ಳುವ ಬಾಯಿಯೂ ಕನ್ನಡದ್ದೇ ಅಲ್ಲವೇ? ಬೋರ್ಡಿನ ಇಂಗ್ಲಿಷಿಗೆ ಮಸಿ ಬಳಿದರಷ್ಟೇ ಸಾಲದು, ಪಕ್ಕದ ರೂಮಿನವನು ನಾಲ್ಕು ದಿನದಿಂದ ಏಕೆ ಮಾತಾಡಿಲ್ಲ ಎಂದು ನೋಡುವುದೂ ಕನ್ನಡದ ಕೆಲಸವೇ.

ಈ ವಾರವೇ ನಿಮ್ಮ ಪ್ರಿನ್ಸಿಪಾಲರ ಮುಂದೆ ಮೂರು ಬೇಡಿಕೆ ಇಡಿ. ಒಂದು, ಕನ್ನಡ ಬಲ್ಲ ಆಪ್ತ ಸಲಹೆಗಾರರ ನೇಮಕ. ಎರಡು, ಅಲ್ಲಿ ಆಡಿದ ಮಾತು ಸುಮ್ಮಸುಮ್ಮನೆ ಮನೆಗಾಗಲಿ ಮೇಷ್ಟರಿಗಾಗಲಿ ಮುಟ್ಟದೆಂಬ ಲಿಖಿತ ಭರವಸೆ. ಮೂರು, ತರಗತಿ, ಹಾಸ್ಟೆಲ್ಲುಗಳಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ 'ಟೆಲಿ ಮಾನಸ್ 14416' ಎಂಬ ಫಲಕ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿ ಪುಕ್ಕಟೆ, ಹಗಲೂ ರಾತ್ರಿ ಉಂಟು, ಕನ್ನಡದಲ್ಲೂ ಮಾತಾಡುತ್ತದೆ.

ಫಲಕ ಬರುವವರೆಗೆ ಕಾಯಬೇಡಿ. ಆ ಐದು ಅಂಕಿಗಳನ್ನು ಇಂದೇ ಬರೆದು ನಿಮ್ಮ ಹಾಸ್ಟೆಲ್ ಬಾಗಿಲಿಗೆ ಅಂಟಿಸಿ.