ಆರೋಗ್ಯ ವಿಚಾರ: ತಾಯಿಯ ವಯಸ್ಸೋ, ಹೆರಿಗೆಗಳ ಎಣಿಕೆಯೋ?

ಹಲವು ಮಕ್ಕಳನ್ನು ಹೆತ್ತ ತಾಯಿಗೆ ಕಡೆಯದಾಗಿ ಹುಟ್ಟಿದ ಕೂಸು ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದರೆ, “ಹೆತ್ತು ಹೆತ್ತು ಒಡಲು ಸವೆದುಹೋಯಿತು, ಅದಕ್ಕೇ ಹೀಗಾಯಿತು” ಎಂದು ಹಿರಿಯರು ನುಡಿಯುವುದುಂಟು. ಚೊಚ್ಚಲ ಮಗುವೇ ಹಾಗಿದ್ದರೆ, ಸೊಸೆಯು ಗ್ರಹಣದ ವೇಳೆಯಲ್ಲಿ ಹೊರಗೆ ಬಂದಳೆಂದೋ, ಅವಳ ತವರಿನ ದೋಷವೆಂದೋ ಹೇಳುವರು. ಯಾವ ಮಾತನ್ನೇ ಹಿಡಿದರೂ ತಪ್ಪಿತಸ್ಥಳೆನಿಸುವವಳು ತಾಯಿಯೊಬ್ಬಳೇ. ಈ ಮಾತುಗಳಲ್ಲಿ ನಿಜವೆಷ್ಟು, ಊಹೆಯೆಷ್ಟು ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಒಡಲು ಸವೆಯಿತೆಂಬ ಊಹೆಯು ನಮ್ಮ ಮನೆಗಳದು ಮಾತ್ರವಲ್ಲ. ಇಂಗ್ಲೆಂಡಿನ ವೈದ್ಯರೂ ಒಂದು ಕಾಲದಲ್ಲಿ ಹೀಗೆಯೇ ತಿಳಿದಿದ್ದರು. ಇಂದು ಡೌನ್ ಸಿಂಡ್ರೋಮ್ ಎಂದು ಕರೆಯುವ ಸ್ಥಿತಿಯ ಮಕ್ಕಳು ಅನೇಕವೇಳೆ ದೊಡ್ಡ ಸಂಸಾರಗಳ ಕಡೆಯ ಮಕ್ಕಳಾಗಿರುವುದನ್ನು ಅವರು ಕಂಡಿದ್ದರು. ಆದರೆ ಕಡೆಯ ಮಗು ಹುಟ್ಟುವ ಹೊತ್ತಿಗೆ ತಾಯಿಯ ವಯಸ್ಸೂ ತಂದೆಯ ವಯಸ್ಸೂ ಏರಿರುವುದಷ್ಟೆ? ಹೀಗೆ ಹೆಣೆದುಕೊಂಡ ಮೂರು ಎಳೆಗಳಲ್ಲಿ ಕಾರಣ ಯಾವುದು? ಲಯನೆಲ್ ಪೆನ್ರೋಸ್ ಎಂಬ ವೈದ್ಯವಿಜ್ಞಾನಿಯು ಅನೇಕ ಸಂಸಾರಗಳ ಲೆಕ್ಕವನ್ನು ಹಿಡಿದು, 1933 ಮತ್ತು 1934ರ ಲೇಖನಗಳಲ್ಲಿ ಈ ಎಳೆಗಳನ್ನು ಬಿಡಿಸಿ ತೋರಿಸಿದನು. ತಂದೆಯ ವಯಸ್ಸಾಗಲಿ, ಎಷ್ಟನೆಯ ಹೆರಿಗೆಯೆಂಬುದಾಗಲಿ ಇಲ್ಲಿ ಮುಖ್ಯವಲ್ಲ, ತಾಯಿಯ ವಯಸ್ಸೇ ಮುಖ್ಯವೆಂದು ಸಿದ್ಧವಾಯಿತು. ಎಂದರೆ, ನಾಲ್ವತ್ತು ವರ್ಷದವಳ ಮೊದಲ ಮಗುವಿಗೂ ಅದೇ ವಯಸ್ಸಿನವಳ ಏಳನೆಯ ಮಗುವಿಗೂ ಈ ಸಂಭವವು ಹೆಚ್ಚುಕಡಮೆ ಒಂದೇ.

ಇದರ ಒಳಗುಟ್ಟು 1959ರಲ್ಲಿ ಪ್ಯಾರಿಸ್ಸಿನಲ್ಲಿ ಬಯಲಾಯಿತು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರಬೇಕು. ಈ ಮಕ್ಕಳಲ್ಲಿ ಒಂದು ಹೆಚ್ಚಾಗಿ 47 ಇರುವುವೆಂದು ಲೆಜೂನ್ ಮತ್ತು ಅವನ ಸಂಗಡಿಗರು ಪ್ರಕಟಿಸಿದರು. ಹೆಣ್ಣಿನ ಅಂಡಾಣುಗಳು ಅವಳು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಂಡು, ಅರ್ಧ ವಿಭಜನೆಯಲ್ಲಿ ನಿಂತು, ವರ್ಷಗಟ್ಟಲೆ ಕಾದಿರುವುವು. ಕಾಲ ಕಳೆದಷ್ಟೂ ವರ್ಣತಂತುಗಳು ಸರಿಯಾಗಿ ಬೇರ್ಪಡದಿರುವ ಸಂಭವ ಹೆಚ್ಚು. ಇದು ಯಾರ ನಡತೆಯ ಫಲವೂ ಅಲ್ಲ. ಯಾವ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಪ್ಪತ್ತರ ತಾಯಿಯಲ್ಲಿ ಈ ಸಂಭವ ಸುಮಾರು 1,500 ಹೆರಿಗೆಗಳಿಗೆ ಒಂದು. ಮೂವತ್ತೈದರಲ್ಲಿ ಸುಮಾರು 350ಕ್ಕೆ ಒಂದು. ನಾಲ್ವತ್ತರಲ್ಲಿ ಸುಮಾರು 100ಕ್ಕೆ ಒಂದು. ನಾಲ್ವತ್ತರಲ್ಲಿಯೂ ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳಲ್ಲಿ ಈ ಸ್ಥಿತಿಯಿರುವುದಿಲ್ಲ ಎಂಬುದನ್ನು ಮರೆಯಬಾರದು. ಎಳೆವಯಸ್ಸಿನಲ್ಲಿ ಭಯವೇ ಇಲ್ಲವೆಂದೂ ತಿಳಿಯಬಾರದು: ಹೊಕ್ಕುಳ ಪಕ್ಕದಲ್ಲಿ ಹೊಟ್ಟೆ ಬಿರಿದು ಕರುಳು ಹೊರಚಾಚಿರುವ ದೋಷವು ಇಪ್ಪತ್ತು ತುಂಬದ ತಾಯಂದಿರ ಮಕ್ಕಳಲ್ಲಿಯೇ ಹೆಚ್ಚು. ತಂದೆಯೂ ಈ ಲೆಕ್ಕದಿಂದ ಹೊರತಲ್ಲ. ಕುಬ್ಜತೆಯ ಒಂದು ಬಗೆಯು ತಂದೆಯ ವಯಸ್ಸು ಏರಿದಂತೆ ಹೆಚ್ಚುವುದು.

ಹಾಗಾದರೆ ಹಿಂದಿನ ಹೆರಿಗೆಗಳಿಗೆ ಅರ್ಥವೇ ಇಲ್ಲವೆ? ಉಂಟು. ಮೇಲಿಂದಮೇಲೆ ಹೆತ್ತವಳಿಗೆ ರಕ್ತಹೀನತೆ, ಹೆರಿಗೆಯ ತರುವಾಯದ ರಕ್ತಸ್ರಾವ ಮೊದಲಾದ ಅಪಾಯಗಳುಂಟು. ಮಗುವಿನ ದೋಷದ ವಿಷಯದಲ್ಲಿಯಾದರೋ ಎಷ್ಟು ಹೆತ್ತಳೆಂಬುದಕ್ಕಿಂತ ಹಿಂದಿನ ಮಕ್ಕಳು ಹೇಗೆ ಹುಟ್ಟಿದರೆಂಬುದನ್ನು ಕೇಳಬೇಕು. ಬೆನ್ನುಹುರಿ ಅಥವಾ ಮಿದುಳಿನ ಕವಚ ಕೂಡಿಕೊಳ್ಳದ ಮಗು ಹಿಂದೆ ಹುಟ್ಟಿದ್ದರೆ, ಮುಂದಿನ ಬಸಿರಿನಲ್ಲಿ ಆ ಸಂಭವ ಹೆಚ್ಚುವುದು. ಅಂತಹ ತಾಯಂದಿರು ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ, ಆ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗುವುದೆಂದು 1991ರಲ್ಲಿ ಏಳು ದೇಶಗಳ ಪ್ರಯೋಗದಿಂದ ತಿಳಿದುಬಂದಿತು.

ಆದುದರಿಂದ ಗೃಹಸ್ಥರೂ ಗೃಹಿಣಿಯರೂ ಮಾಡಬೇಕಾದುದಿಷ್ಟು. ಮಗುವನ್ನು ಬಯಸುವ ಪ್ರತಿಯೊಬ್ಬಳೂ ಬಸಿರಿಗೆ ಒಂದು ತಿಂಗಳು ಮುಂಚಿನಿಂದ ಮೊದಲ ಮೂರು ತಿಂಗಳು ಮುಗಿಯುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಸೇವಿಸಲಿ. ಮೇಲೆ ಹೇಳಿದ ದೋಷದ ಮಗುವನ್ನು ಹೆತ್ತವಳಿಗೆ ಇನ್ನೂ ಹೆಚ್ಚಿನ ಪ್ರಮಾಣ ಬೇಕು. ಅದನ್ನು ವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ಈ ಗುಳಿಗೆಯು ಡೌನ್ ಸಿಂಡ್ರೋಮನ್ನು ತಡೆಯಲಾರದು. ಅದರ ಸಂಭವವನ್ನು ಅಳೆಯಲು 11ರಿಂದ 14ನೆಯ ವಾರದೊಳಗೆ ರಕ್ತಪರೀಕ್ಷೆಯೂ ಸ್ಕ್ಯಾನಿಂಗೂ ಉಂಟು. ಅವು ಸಂಭವವನ್ನು ಮಾತ್ರ ಸೂಚಿಸುವುವು. ನಿಶ್ಚಯಕ್ಕೆ ಬೇರೆ ಪರೀಕ್ಷೆ ಬೇಕು.

ಅಂತಹ ಮಗು ಮನೆಗೆ ಬಂದರೆ, ಕಾರಣವಾರೆಂದು ಚರ್ಚಿಸುತ್ತ ದಿನಗಳೆಯದೆ, ಮೊದಲು ಅದರ ಹೃದಯವನ್ನು ಪರೀಕ್ಷೆಮಾಡಿಸಿರಿ. ಈ ಮಕ್ಕಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುವುದು, ಅದರಲ್ಲಿ ಬಹುಭಾಗವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಕಿವಿಯನ್ನೂ ಥೈರಾಯ್ಡ್ ಗ್ರಂಥಿಯನ್ನೂ ಪರೀಕ್ಷಿಸಬೇಕು. ಬಾಣಂತಿಗೆ ಆಗ ಬೇಕಾದುದು ಹಾಲು, ಅನ್ನ, ನಿದ್ರೆ ಮತ್ತು ಅತ್ತೆಯವರ ಒಂದು ಒಳ್ಳೆಯ ಮಾತು.