ಸರ್ವರ್ ಜೀವಂತ, ಕೆಲಸ ಮಾತ್ರ ಸ್ತಬ್ಧ

ಗದಗ: ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ನಾಡಕಚೇರಿ ಹಾಗೂ ಗ್ರಾಮ ಒನ್ ಕೇಂದ್ರಗಳಿಗೆ ಬರುವವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಹೊಸದೇನಲ್ಲ. ಹೊಲದ ಕೆಲಸ ಬಿಟ್ಟು ಬಂದ ರೈತನಿಗೆ ಪ್ರತಿಯೊಂದು ‘ನಾಳೆ’ಯೂ ಒಂದು ದಿನದ ದುಡಿಮೆಯ ನಷ್ಟ. ಆದರೆ ಇಂತಹ ಅಡಚಣೆಗಳೆಲ್ಲವೂ ಸರ್ವರ್ ನಿಂತಿದ್ದರಿಂದಲೇ ಉಂಟಾಗುವುದಿಲ್ಲ.

ಕಾಣದ ಕೆಲಸಗಾರರು

ಜಾಲತಾಣದ ಸರ್ವರ್ ಎರಡು ಬಗೆಯ ಕೆಲಸ ನಿರ್ವಹಿಸುತ್ತದೆ. ಅರ್ಜಿ ಪಡೆದು ಕೂಡಲೇ ಸ್ವೀಕೃತಿ ನೀಡುವುದು ಒಂದು. ಪ್ರಮಾಣಪತ್ರ ಸಿದ್ಧಪಡಿಸುವುದು, ಎಸ್ಸೆಮ್ಮೆಸ್ ಕಳುಹಿಸುವುದು, ಬ್ಯಾಂಕಿಗೆ ಪಟ್ಟಿ ರವಾನಿಸುವುದು ಮತ್ತೊಂದು. ಸಮಯ ಹಿಡಿಯುವ ಈ ಕೆಲಸಗಳನ್ನು ಸರದಿಯಲ್ಲಿಟ್ಟು, ‘ವರ್ಕರ್’ ಎಂಬ ಹಿನ್ನೆಲೆ ತಂತ್ರಾಂಶಕ್ಕೆ ವಹಿಸುವುದು ಸಾಮಾನ್ಯ ಪದ್ಧತಿ. ಖಾನಾವಳಿಯ ಗಲ್ಲೆಯಲ್ಲಿ ಚೀಟಿ ಹರಿದುಕೊಟ್ಟಂತೆ ಮೊದಲನೆಯದು. ಒಳಗಿನ ಅಡುಗೆಮನೆಯಂತೆ ಎರಡನೆಯದು. ಒಲೆ ಆರಿದ್ದರೂ ಚೀಟಿ ಹರಿಯುವುದು ನಿಲ್ಲುವುದಿಲ್ಲ.

2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಋಣಭಾರ ಪತ್ರ ಶೋಧದ ನಕಲಿ ಕೋರಿಕೆಗಳ ಮಹಾಪೂರವೇ ಹರಿದು, ರಾಜ್ಯದಾದ್ಯಂತ ನೋಂದಣಿಗೆ ಅಡ್ಡಿಯಾಯಿತು. ಪ್ರಕರಣ ಪೊಲೀಸರ ಮೆಟ್ಟಿಲೇರಿತು. ಅದು ಎಲ್ಲರಿಗೂ ಕಾಣುವ ವೈಫಲ್ಯ. ವರ್ಕರ್ ನಿಂತರೆ ಆ ಸದ್ದು ಇರುವುದಿಲ್ಲ. ‘ಅರ್ಜಿ ಸ್ವೀಕೃತವಾಗಿದೆ’ ಎಂಬ ಸಂದೇಶ ಬರುತ್ತಲೇ ಇರುತ್ತದೆ, ಅರ್ಜಿ ಮಾತ್ರ ಅಲುಗುವುದಿಲ್ಲ.

ನಿಲ್ಲುವುದೇಕೆ?

ಮೆಮೊರಿ ತುಂಬಿದಾಗ, ದತ್ತಾಂಶ ಸಂಗ್ರಹದ ಸಂಪರ್ಕ ಕಡಿದಾಗ ವರ್ಕರ್ ಸ್ಥಗಿತಗೊಳ್ಳಬಹುದು. ತಂತ್ರಜ್ಞ ಕೈಯಿಂದ ಚಾಲನೆ ನೀಡಿದ ವರ್ಕರ್, ಆತ ಲಾಗ್‌ಔಟ್ ಆದೊಡನೆ ನಿಲ್ಲುವುದುಂಟು. ಸರ್ವರ್ ಮರುಚಾಲನೆಗೊಂಡಾಗ ಅದು ತಾನಾಗಿ ಏಳುವುದೂ ಇಲ್ಲ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಲಿನಕ್ಸ್‌ನಲ್ಲಿರುವ ‘ಸಿಸ್ಟಮ್‌ಡಿ’, ಅಥವಾ ‘ಸೂಪರ್‌ವೈಸರ್’ ಎಂಬ ಉಚಿತ ತಂತ್ರಾಂಶ ವರ್ಕರ್‌ಗಳ ಮೇಲೆ ಕಣ್ಣಿಟ್ಟು, ಬಿದ್ದೊಡನೆ ಎಬ್ಬಿಸುತ್ತದೆ. ಆದರೆ ಎಬ್ಬಿಸಿದರಷ್ಟೇ ಸಾಲದು. ಜೀವಂತವಿದ್ದೂ ಒಂದೇ ಕೆಲಸದಲ್ಲಿ ಸಿಲುಕಿಕೊಂಡ ವರ್ಕರ್ ಕಾವಲುಗಾರನ ಕಣ್ಣಿಗೆ ಆರೋಗ್ಯವಂತನಾಗಿಯೇ ಕಾಣುತ್ತದೆ. ಸರದಿಯ ಅತಿ ಹಳೆಯ ಅರ್ಜಿ ಎಷ್ಟು ಹೊತ್ತಿನಿಂದ ಕಾದಿದೆ ಎಂಬುದೇ ನಿಜವಾದ ಅಳತೆಗೋಲು. ವಿಫಲವಾದ ಕೆಲಸವನ್ನು ಮಿತಿಯೊಳಗೆ ಮರುಯತ್ನಿಸಿ, ಆಗದಿದ್ದರೆ ಪ್ರತ್ಯೇಕಿಸಿಡಬೇಕು. ಮರುಯತ್ನದಿಂದ ಒಬ್ಬರಿಗೇ ಎರಡು ಬಾರಿ ಹಣ ಜಮೆಯಾಗದಂತೆ ಪ್ರತಿ ಕೆಲಸಕ್ಕೂ ಗುರುತಿನ ಸಂಖ್ಯೆ ಅಗತ್ಯ.

ಹೊಣೆ ಯಾರದು?

2011ರ ಸಕಾಲ ಕಾಯ್ದೆ ಸೇವೆಗೆ ಕಾಲಮಿತಿ ವಿಧಿಸಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೂ ಅವಕಾಶವಿದ್ದು, ಅದು ಅಧಿಕಾರಿಯ ಹೊಣೆ. ಆದರೆ ಕಡತ ಮೇಜಿನ ಮೇಲೆ ಉಳಿಯಿತೋ, ಸರದಿಯಲ್ಲಿ ಸಿಲುಕಿತೋ ಎಂಬುದು ಅರ್ಜಿದಾರನಿಗೂ ಗೊತ್ತಾಗದು, ಕಿಟಕಿಯಾಚೆಯ ಸಿಬ್ಬಂದಿಗೂ ಗೊತ್ತಾಗದು. ಹೀಗಾಗಿ ತಂತ್ರಾಂಶದ ತಪ್ಪಿಗೆ ಗುಮಾಸ್ತ ಬೈಗುಳ ತಿನ್ನುತ್ತಾನೆ. ಗುಮಾಸ್ತನ ಉದಾಸೀನಕ್ಕೆ ಸರ್ವರ್ ನೆಪವಾಗುತ್ತದೆ.

ಸ್ವೀಕೃತಿ ಸಂಖ್ಯೆ ನಮೂದಿಸಿದೊಡನೆ ‘ಸರದಿಯಲ್ಲಿದೆ’, ‘ವಿಫಲವಾಗಿದೆ’, ‘ಅಧಿಕಾರಿಯ ಬಳಿ ಇದೆ’ ಎಂದು ಸ್ಪಷ್ಟವಾಗಿ ತಿಳಿಸುವ ವ್ಯವಸ್ಥೆ ಬಂದರೆ ಎರಡೂ ತಪ್ಪುತ್ತದೆ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತುವ ಮುನ್ನವೇ ರೈತನಿಗೆ ಈ ಮಾಹಿತಿ ದೊರೆಯಬೇಕಾಗಿದೆ.